ಮಾಲೀಕರ ಹೆಸರು: ಜನತೆ

ದುಬೈಯ ಒಂದು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ಕೆಲಸ ನನ್ನದು. ಒಮ್ಮೆ ಕಮ್ಯುನಿಸ್ಟ್ ಪಕ್ಷ ಆಳುವ ದೇಶವೊಂದರಿಂದ ಸರ್ಕಾರಿ ಸಿಮೆಂಟ್ ಕಾರ್ಖಾನೆಯ ನಿರ್ದೇಶಕರು ಬಂದಿದ್ದರು. ಹೊಸ ಯಂತ್ರಗಳಿಗೆ ಸಾಲ ಬೇಕಿತ್ತು. ಅವರು ಸಂಜೆಯ ವಿಮಾನ ಹತ್ತುವುದರೊಳಗೆ ಅರ್ಜಿ ಕಂಪ್ಯೂಟರಿಗೆ ಹೋಗಲೇಬೇಕಿತ್ತು.

"ಕಾರ್ಖಾನೆಯ ಮಾಲೀಕರು ಯಾರು ಸರ್?" ಎಂದೆ.

"ಜನತೆ," ಎಂದರು, ಎದೆಯುಬ್ಬಿಸಿ.

ಹಾಗೆಯೇ ಟೈಪ್ ಮಾಡಿದೆ. ಕಂಪ್ಯೂಟರ್ ಜನತೆಯ ಜನ್ಮದಿನಾಂಕ ಕೇಳಿತು. ಆಮೇಲೆ ಜನತೆಯ ಪಾಸ್‌ಪೋರ್ಟ್ ಪ್ರತಿ ಕೇಳಿತು.

"ಎಲ್ಲರದ್ದೂ ತರಲು ಹಡಗೇ ಬೇಕಾದೀತು!" ಎಂದರು ನಿರ್ದೇಶಕರು. ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ ಆಗಲಿಲ್ಲ.

ಗಲಾಟೆ ಕೇಳಿ ನಮ್ಮ ಮ್ಯಾನೇಜರ್, ಮಂಗಳೂರಿನ ಲವೀನಾ ಮೇಡಂ, ಓಡಿ ಬಂದರು. "ಎಂತ ಮಾರಾಯಾ, ಇಷ್ಟೂ ಗೊತ್ತಿಲ್ವಾ? ಮಾಲೀಕ ಅಂತ ಒಬ್ಬ ಮನುಷ್ಯ ಸಿಗದಿದ್ದರೆ ಮುಖ್ಯಸ್ಥರ ಹೆಸರು ಹಾಕುವುದು. ಯಲ್ಲಾ, ಬೇಗ ಬೇಗ, ಇವರದ್ದೇ ಹಾಕು!"

ಹಾಕಿದೆ. ಕಂಪ್ಯೂಟರ್ ತಕ್ಷಣ ಒಪ್ಪಿಕೊಂಡಿತು. ಮಾಲೀಕರ ಜಾಗದಲ್ಲಿ ತಮ್ಮ ಹೆಸರನ್ನು ನಿರ್ದೇಶಕರು ಎರಡು ಸಲ ಓದಿದರು.

"ಬಂಡವಾಳಶಾಹಿಗಳನ್ನು ಬೈದು ಬೈದೇ ನನ್ನ ತಲೆ ನೆರೆಯಿತು. ನೀವು ಹತ್ತೇ ನಿಮಿಷದಲ್ಲಿ ನನ್ನನ್ನೂ ಅವರಲ್ಲೊಬ್ಬನನ್ನಾಗಿ ಮಾಡಿಬಿಟ್ಟಿರಲ್ಲ!" ಎಂದು ಕುಲುಕಿ ಕುಲುಕಿ ನಕ್ಕರು.

"ಅಳಿಸಲೇ ಸರ್?"

"ಬೇಡ ಬೇಡ, ಸಾಲ ಬರಲಿ. ನಮ್ಮ ಪಕ್ಷದ ಕಚೇರಿಗೆ ಮಾತ್ರ ಪ್ರತಿ ಕಳಿಸಬೇಡಿ."

ಸಾಲ ಮಂಜೂರಾಯಿತು. ಬಂಡವಾಳಶಾಹಿ ಬ್ಯಾಂಕಿನಲ್ಲೇ ಇಷ್ಟು ವರ್ಷ ದುಡಿದ ನಾನು ಮಾತ್ರ ಇನ್ನೂ ಯಾವುದಕ್ಕೂ ಮಾಲೀಕನಾಗಿಲ್ಲ. ಓಡಿಸುವ ಕಾರು ಕೂಡ ಬ್ಯಾಂಕಿನದ್ದೇ.