ಪಾರಪ್ಪುರದ ಪಡುವಣ ಕೋಣೆ

ಪಾರಪ್ಪುರ ಮನೆಯ ಹೆಂಗಸರ ಬಗ್ಗೆ ತಲಶೇರಿಯ ಆ ಬೀದಿಯಲ್ಲಿ ಒಂದು ಮಾತಿತ್ತು. "ಆ ಮನೆ ಬಾವಿ ನೀರು ಕುಡಿದ ಹೆಣ್ಣು ಗೇಟು ದಾಟಿ ಹೋಗೋದು ಒಂದೇ ಸಲ, ಅದೂ ನಾಲ್ಕು ಜನರ ಹೆಗಲ ಮೇಲೆ." ಮೀನು ಮಾರುವವಳೂ ಹೇಳುತ್ತಿದ್ದಳು, ಮಸೀದಿಯಲ್ಲಿ ಬಾಂಗು ಕೂಗುವ ಮುಕ್ರಿಯೂ ಹೇಳುತ್ತಿದ್ದ. ಬೇಲಿಯಾಚೆಯ ನಾರಾಯಣಿಯಂತೂ ತನ್ನ ನಾಲ್ಕು ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಜೀಪು ಹತ್ತಿಸಿ ಕಳಿಸಿದವಳು. ಪ್ರತಿ ಸಲವೂ ಕಣ್ಣು ಊದಿಸಿಕೊಂಡು ಬಂದು ಪಾರಪ್ಪುರದ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, "ಪುಣ್ಯ ಮಾಡಿದೋರು ನೀವು. ಸಾಕಿದ ಹೆಣ್ಣೂ ಕೈಬಿಟ್ಟು ಹೋಗಲ್ಲ, ಮೇಲಿಂದ ಯಾರೋ ಸಾಕಿದ ಗಂಡೂ ಬಂದು ಸೇರ್ಕೊಳ್ತಾನೆ" ಎನ್ನುತ್ತಿದ್ದಳು.

ಮಾತು ಸುಳ್ಳಲ್ಲ. ಪಾರಪ್ಪುರದಲ್ಲಿ ಮದುವೆಯಾದರೆ ಬರುವವನು ಗಂಡು. ಸಂಜೆ ಬರುತ್ತಾನೆ, ಉಣ್ಣುತ್ತಾನೆ, ಹೆಂಡತಿಯ ಕೋಣೆಯಲ್ಲಿ ಮಲಗುತ್ತಾನೆ, ಬೆಳಗ್ಗೆ ಎದ್ದು ತನ್ನ ಅಂಗಡಿಗೋ ತಾಯಿಮನೆಗೋ ಹೊರಡುತ್ತಾನೆ. ಅವನಿಗೆ ಪುದಿಯಾಪ್ಳ, ಹೊಸ ಮದುಮಗ ಎಂದು ಹೆಸರು. ಮೊಮ್ಮಕ್ಕಳಾಗಿ ಹಲ್ಲು ಉದುರಿದರೂ ಹೊಸಬನೇ. ಅವನು ಗೇಟಿಗೆ ಕೈ ಹಾಕಿದಾಗ ಹೆಂಡತಿ ಜಗಲಿಯಿಂದ "ಸಂಜೆ ಬೇಗ ಬನ್ನಿ" ಅನ್ನುವುದು, ಅವನು "ನೋಡೋಣ" ಅನ್ನುವುದು. ಆ ಮನೆಯಲ್ಲಿ ಬೆಳಗಾಯಿತು ಅಂತ ಗೊತ್ತಾಗುತ್ತಿದ್ದದ್ದೇ ಆ ಎರಡು ಮಾತಿನಿಂದ.

ತಾಹಿರಳ ಮದುವೆ ನಿಶ್ಚಯವಾದಾಗ ಮನೆಯಲ್ಲಿ ಮಲಗಲು ಇದ್ದದ್ದು ಏಳು ಕೋಣೆ. ಏಳರಲ್ಲೂ ಮದುವೆಯಾದ ಹೆಂಗಸರು. ಹಿಂದೆ ಬಾವಿ, ಮುಂದೆ ರಸ್ತೆ, ಪಕ್ಕದಲ್ಲಿ ಮಸೀದಿಯ ಗೋಡೆ. ಎಂಟನೆಯದನ್ನು ಕಟ್ಟಲು ಚಾಪೆಯಗಲ ಜಾಗವಿರಲಿಲ್ಲ. ಮಹಡಿಯ ಹಜಾರದಲ್ಲಿ ಮದುವೆಯಾಗದ ಹುಡುಗಿಯರು ಸಾಲಾಗಿ ಮಲಗುತ್ತಿದ್ದರು, ತಾಹಿರಳೂ ಅವರ ನಡುವೆ. ಮನೆಯ ಯಜಮಾನಿ ಉಮ್ಮಾಮ, ಅಂದರೆ ತಾಹಿರಳ ಅಜ್ಜಿ, ಎಲೆಗೆ ಸುಣ್ಣ ಹಚ್ಚುತ್ತಲೇ ತೀರ್ಪು ಕೊಟ್ಟರು.

"ಕದೀಸು ಪಡುವಣ ಕೋಣೆ ಬಿಟ್ಕೊಡ್ತಾಳೆ. ಒಂಟಿ ಜೀವ, ಅಕ್ಕಿ ಕೋಣೆ ಸಾಕು."

ಕದೀಸು ತಾಹಿರಳ ಮೂತಮ್ಮ, ತಾಯಿಯ ಅಕ್ಕ. ಮಕ್ಕಳಿಲ್ಲ. ಗಂಡ ಅದ್ರಾಮಾನ್ ತೀರಿಕೊಂಡು ಆರು ವರ್ಷ. ಆಕೆ ಒಂದು ಗಳಿಗೆಯೂ ಯೋಚಿಸದೆ ನಕ್ಕುಬಿಟ್ಟಳು. "ಬಿಡದೆ ಇನ್ನೇನು? ತಾಹಿರನ ಪುದಿಯಾಪ್ಳ ಅಕ್ಕಿ ಮೂಟೆ ಮೇಲೆ ಮಲಗ್ತಾನಾ? ಮೋಳೇ, ನನ್ನ ಮಗಳೇ, ಗೋಡೆಗೆ ಯಾವ ಬಣ್ಣ ಬೇಕು ಹೇಳು."

ಗಿಳಿಹಸಿರು ಎಂದಳು ತಾಹಿರ. ಆಗ ಅವಳ ತಲೆಯ ತುಂಬ ಬೇರೆ ನೂರೆಂಟು ಇತ್ತು. ರವಿಕೆಯ ತೋಳು ಮೊಣಕೈವರೆಗೆ ಬರಬೇಕೆಂದು ಹೆತ್ತ ಉಮ್ಮ, ಬೇಡವೆಂದು ದರ್ಜಿ. ಹೊಸ ಚಪ್ಪಲಿ ಎಡಗಾಲಿಗೆ ಸರಿ, ಬಲಗಾಲಿಗೆ ಬಿಗಿ. ನಡೆಯುವಾಗ ಕುಂಟಿದರೆ ಹುಡುಗಿ ಕುಂಟಿ ಎನ್ನುತ್ತಾರೇನೋ. ಮದರಂಗಿ ಕೆಂಪಾಗದಿದ್ದರೆ? ಇನ್ನು ಹುಡುಗ ಹಾಷಿಂ. ಅವನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಕೆಲಸ ವಡಗರೆಯಲ್ಲಿ, ಅಲ್ಲೇ ಒಂದು ಕ್ವಾರ್ಟರ್ಸು. ಹುಡುಗಿಯನ್ನು ನೋಡಲು ಬಂದ ದಿನ ತಟ್ಟೆಯ ಮೇಲೆ ತಟ್ಟೆ ಮುಟ್ಟಮಾಲ ಬಡಿಸಿದ್ದರು, ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ಎಳೆಎಳೆಯಾಗಿ ಬೇಯಿಸಿದ್ದು. ಸಾಕು ಎನ್ನಲು ನಾಚಿಕೊಂಡು ಆರು ತಟ್ಟೆ ತಿಂದು, ಬೆವರಿ, ಬಾಯಿ ಮುಚ್ಚಿಕೊಂಡು ಎದ್ದು ಹೋಗಿದ್ದ.

"ಕಂಬ ಹತ್ತೋಕೆ ಹೆದರದೋನು ಮೊಟ್ಟೆಗೆ ಹೆದರಿದ ಕಣೇ" ಎಂದು ತಂಗಿಯರು ರಾತ್ರಿಯೆಲ್ಲ ಕಾಡಿದ್ದರು. "ಹುಷಾರು, ಕೈ ಮುಟ್ಟಿದ್ರೆ ಶಾಕ್ ಹೊಡೀಬಹುದು."

ತಾಹಿರಳಿಗೆ ಅವನ ಬೆವರಿದ ಹಣೆಯೇ ಮತ್ತೆ ಮತ್ತೆ ನೆನಪಾಗುತ್ತಿತ್ತು. ಈ ಮನುಷ್ಯ ಬಲವಂತಕ್ಕೂ ಒಬ್ಬರ ಮನಸ್ಸು ನೋಯಿಸಲಾರ ಅನ್ನಿಸುತ್ತಿತ್ತು.

ಮದುವೆಗೆ ಹದಿನೈದು ದಿನವಿದೆ ಎನ್ನುವಾಗ ಮೂತಮ್ಮ ಕೋಣೆ ಖಾಲಿ ಮಾಡಲು ಕೂತಳು. ತಾಹಿರ ನೆರವಿಗೆ ಹೋದಳು. ಖಾಲಿ ಮಾಡಲು ಇದ್ದದ್ದಾದರೂ ಏನು? ಒಂದು ತಗಡಿನ ಪೆಟ್ಟಿಗೆ, ನಮಾಜಿನ ಚಾಪೆ, ಅದ್ರಾಮಾನ್ ಅವರ ಒಂದು ಕನ್ನಡಕ, ಎಲೆಯಡಿಕೆ ಉಗುಳುವ ಒಂದು ಹಿತ್ತಾಳೆಯ ಕೋಳಂಬಿ. ಮಂಚ ಅಲ್ಲೇ ಉಳಿಯಬೇಕು, ಅದು ಕೋಣೆಯದು.

"ಇದನ್ನ ತೊಳೀಬೇಡ ಮೋಳೇ, ನಾನೇ ತೊಳೀತೀನಿ" ಎಂದು ಕೋಳಂಬಿಯನ್ನು ಮಡಿಲಿಗೆ ಎಳೆದುಕೊಂಡಳು ಮೂತಮ್ಮ. "ಅವರು ಎಲೆ ಜಗಿಯೋದು ಬಿಟ್ಟು ಹತ್ತು ವರ್ಷ ಆಗಿತ್ತು. ಆದ್ರೂ ಮಂಚದ ಕೆಳಗೆ ಇರಬೇಕು. ಇಲ್ದಿದ್ರೆ 'ನನ್ನನ್ನ ಓಡಿಸೋಕೆ ನೋಡ್ತಿದ್ದೀಯಾ ಕದೀಸು' ಅಂತ ಕೇಳೋರು."

"ಅವರ ಮನೆಗೆ ನೀವು ಹೋಗ್ತಾ ಇದ್ರಾ ಮೂತಮ್ಮ?"

"ಹೋಗಿದ್ದೆ, ಹಬ್ಬಕ್ಕೆ, ಸಾವಿಗೆ. ಅಲ್ಲಿ ಅವರು ಯಾರದೋ ಅಣ್ಣ, ಯಾರದೋ ಮಗ. ನನ್ನ ಗಂಡ ಆಗಿದ್ದದ್ದು ಇಲ್ಲಿ ಮಾತ್ರ." ಮೂತಮ್ಮ ಕೈಯಿಂದ ಕೋಣೆಯನ್ನು ಒಮ್ಮೆ ಸುತ್ತಿ ತೋರಿಸಿದಳು. ಬಚ್ಚಲಿನ ದಾರಿ ತೋರಿಸುವ ಹಾಗೆ, ಅಷ್ಟು ಸಲೀಸಾಗಿ.

ಆಗಲೇ ಬಣ್ಣ ಹಚ್ಚುವ ದಾಸನ್ ಡಬ್ಬ ಹಿಡಿದು ಒಳಗೆ ಬಂದ. ಮಂಚವನ್ನು ಎಳೆದು, ಹಿಂದಿನ ಗೋಡೆಯನ್ನು ಬೆರಳಿಂದ ಉಜ್ಜಿ ಮುಖ ಸಿಂಡರಿಸಿದ. "ಇದೇನಮ್ಮಾ, ಎಣ್ಣೆ ಕಲೆ! ಇದರ ಮೇಲೆ ಬಣ್ಣ ನಿಲ್ಲಲ್ಲ. ಕೆರೀಬೇಕು."

ತಾಹಿರ ನೋಡಿದಳು. ಮಂಚದ ತಲೆಗಟ್ಟಿನ ಮೇಲೆ, ಕೂತವರ ತಲೆ ಒರಗುವ ಎತ್ತರದಲ್ಲಿ, ಒಂದು ತಟ್ಟೆಯಗಲದ ಕಪ್ಪು ಕಲೆ. ನಲವತ್ತೊಂದು ವರ್ಷ ಒಬ್ಬ ಮನುಷ್ಯ ಸಂಜೆ ಬಂದು ಅಲ್ಲಿ ತಲೆ ಒರಗಿಸಿ ಚಹಾಕ್ಕೆ ಕಾದಿದ್ದ.

"ಹೌದು ದಾಸಾ, ಕೊಬ್ಬರಿ ಎಣ್ಣೆ" ಎಂದಳು ಮೂತಮ್ಮ, ಕೋಳಂಬಿಯನ್ನು ಸೆರಗಿನಿಂದ ಒರೆಸುತ್ತ. "ಎಷ್ಟು ಹೇಳಿದ್ರೂ ಕೇಳ್ತಿರ್ಲಿಲ್ಲ, ತಲೆ ತುಂಬ ಸುರಿದುಕೊಂಡೇ ಬರೋರು. ಚೆನ್ನಾಗಿ ಕೆರಿ. ಹುಡುಗಿಯ ಹೊಸ ದಿಂಬಿಗೆ ಅಂಟಬಾರದು."

ದಾಸನ್ ಕರಣೆ ಎತ್ತಿದ. ತಾಹಿರ ಅವನ ಕೈ ಹಿಡಿದುಬಿಟ್ಟಳು.

"ಬೇಡ. ಇವತ್ತು ಬೇಡ. ಚಹಾ ಕುಡ್ದು ಹೋಗಿ ದಾಸಣ್ಣ."

ಆ ದಿನದಿಂದ ಅವಳಿಗೆ ರವಿಕೆ, ಚಪ್ಪಲಿ ಎಲ್ಲ ಮರೆತುಹೋಯಿತು. ಒಂದೇ ಚಿಂತೆ ಉಳಿಯಿತು: ನಾನು ಗಂಡನನ್ನು ಕೂರಿಸಲು ಮೂತಮ್ಮನ ಗಂಡನನ್ನು ಎಬ್ಬಿಸಬೇಕು. ಅಕ್ಕಿ ತೊಳೆಯುವಾಗಲೂ ಅದೇ, ಕರೆಯೋಲೆಗೆ ಹೆಸರು ಬರೆಯುವಾಗಲೂ ಅದೇ. ಹೇಳಿದರೆ ಮೂತಮ್ಮ ನಗುತ್ತಾಳೆ, ಉಮ್ಮ ಬೈಯುತ್ತಾಳೆ.

ಮೂರನೆಯ ದಿನ ಮಧ್ಯಾಹ್ನ ಮಹಡಿಯ ಕಿಟಕಿಯ ಆಚೆ ಖಣಖಣ ಸದ್ದಾಯಿತು. ನೋಡಿದರೆ ಕಂಬದ ಮೇಲೆ ಹಾಷಿಂ! ಮದುವೆ ಚಪ್ಪರದ ದೀಪಗಳಿಗೆ ಲೈನು ತಡೆಯುತ್ತದೋ ಇಲ್ಲವೋ ನೋಡಲು ಅವನನ್ನೇ ಕರೆಸಿದ್ದರು, ಪುಕ್ಕಟೆ ಆಗುತ್ತದಲ್ಲ ಅಂತ. ಕಿಟಕಿಗೂ ಕಂಬಕ್ಕೂ ನಾಲ್ಕು ಮೊಳ. ಇಬ್ಬರ ಮುಖವೂ ಒಂದೇ ಎತ್ತರದಲ್ಲಿ. ಅವನು ಗಾಬರಿಯಲ್ಲಿ ಇಕ್ಕಳ ಬೀಳಿಸಿಕೊಂಡ.

ತಾಹಿರ ಸೆರಗು ಎಳೆದುಕೊಂಡು, ಈಗಲ್ಲದಿದ್ದರೆ ಇನ್ನಿಲ್ಲ ಎಂದು ಕೇಳಿಯೇ ಬಿಟ್ಟಳು. "ನಿಮ್ಮ ಕ್ವಾರ್ಟರ್ಸಲ್ಲಿ ಎಷ್ಟು ಕೋಣೆ?"

"ಎರಡು" ಎಂದ ಹಾಷಿಂ, ಕಂಬವನ್ನು ತಬ್ಬಿಕೊಂಡು. "ಒಂದರಲ್ಲಿ ಏಣಿ ಇದೆ."

"ಏಣಿನ ಹೊರಗಿಡೋಕೆ ಆಗಲ್ವಾ?"

"ಬಿದಿರಿಂದು. ಮಳೆಗೆ ನೆಂದ್ರೆ..." ಎಂದವನಿಗೆ ಆಮೇಲೆ ಅರ್ಥವಾಯಿತು. ಕಿವಿ ಕೆಂಪಾಯಿತು. "ಯಾಕೆ?"

ತಾಹಿರ ಎಣ್ಣೆ ಕಲೆಯ ಕತೆ ಹೇಳಿದಳು. ಹೇಳಿ ಮುಗಿಯುವ ತನಕ ಅವನು ತಂತಿಯನ್ನೂ ಮುಟ್ಟಲಿಲ್ಲ, ಕಣ್ಣನ್ನೂ ಮಿಟುಕಿಸಲಿಲ್ಲ.

"ಏಣಿ ನೆನೆದ್ರೆ ನೆನೀಲಿ. ಸೂರಿನ ಕೆಳಗೆ ಕಟ್ತೀನಿ" ಎಂದ. ಆಮೇಲೆ, "ನಿಜ ಹೇಳ್ಲಾ? ದಿನಾ ಸಂಜೆ ಆ ಮುಟ್ಟಮಾಲ ನೆನೆಸಿಕೊಂಡ್ರೆ ನಂಗೂ ಜ್ವರ ಬರೋ ಹಾಗಿತ್ತು."

ತಾಹಿರ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ನಗುತ್ತಲೇ ಅವಳಿಗೆ ಒಂದು ಯೋಚನೆ ಬಂತು. ಪಾರಪ್ಪುರದಲ್ಲಿ ಉಪ್ಪಿನ ಭರಣಿ ಒಲೆಯ ಎಡಕ್ಕೆ ಇರುವುದು ಉಮ್ಮಾಮನ ಉಮ್ಮ ಇಟ್ಟ ಜಾಗ. ವಡಗರೆಯಲ್ಲಿ ಅದನ್ನು ಎಲ್ಲಿಡಬೇಕೆಂದು ತಾನೇ ಹೇಳಬೇಕು. ಹೆದರಿಕೆಯೂ ಆಯಿತು, ಒಂಥರಾ ಖುಷಿಯೂ ಆಯಿತು.

ಸಂಜೆ ಉಮ್ಮಾಮನ ಎದುರು ಮಾತು ತೆಗೆದಾಗ ಮನೆಯೇ ಎದ್ದು ನಿಂತಿತು.

"ಏನು, ಪಾರಪ್ಪುರದಲ್ಲಿ ಅನ್ನಕ್ಕೆ ಬರ ಬಂತಾ?" ಉಮ್ಮಾಮ ಅಡಕತ್ತರಿ ನೆಲಕ್ಕೆ ಕುಕ್ಕಿದರು. "ಹೆಣ್ಣನ್ನ ಹೊರಗೆ ಕಳಿಸಿದ್ರು ಅಂತ ಆ ಮುಕ್ರಿ ಐದು ಹೊತ್ತೂ ಕೂಗ್ತಾನೆ!"

ಎಲ್ಲರಿಗಿಂತ ಜೋರಾಗಿ ರೇಗಿದವಳು ಮೂತಮ್ಮ. "ನನ್ನಿಂದ ನೀನು ಮನೆ ಬಿಡ್ತೀಯಾ? ಕದೀಸು ಮುದುಕಿ ಮಗು ಕೋಣೆ ನುಂಗಿದ್ಲು ಅಂತ ಅನ್ನಿಸ್ಕೋಬೇಕಾ ನಾನು? ಒಂದು ಕಲೆ ಕಣೇ ಅದು! ನಾಳೆ ನಾನೇ ಕೆರೀತೀನಿ." ಹಾಗೆನ್ನುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಆರು ವರ್ಷದಲ್ಲಿ ಅವಳು ಎಲ್ಲರೆದುರು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಉಮ್ಮಾಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಮಗಳನ್ನೇ ನೋಡುತ್ತ ಕೂತರು.

ತಾಹಿರ ಮೂತಮ್ಮನ ಕಾಲ ಬಳಿ ಕೂತಳು. "ಕೋಣೆ ನಂದೇ ಮೂತಮ್ಮ, ಯಾರು ಬೇಡ ಅಂದ್ರು? ಮದುವೆ ದಿನ ಪುದಿಯಾಪ್ಳ ಅಲ್ಲೇ ಬರ್ತಾರೆ, ವಾರ ಅಲ್ಲೇ ಇರ್ತೀವಿ. ಹೆರಿಗೆಗೂ ಅಲ್ಲಿಗೇ ಬರ್ತೀನಿ. ಉಳಿದ ದಿನ ನನ್ನ ಕೋಣೆ ನೋಡ್ಕೊಳ್ಳೋಕೆ ಒಬ್ರು ಬೇಡ್ವಾ? ಬೀಗ ಹಾಕಿದ್ರೆ ಗೆದ್ದಲು ಹಿಡಿಯತ್ತೆ."

ಉಮ್ಮಾಮ ಎಲೆಯನ್ನು ದವಡೆಗೆ ಸರಿಸಿ, "ಗೆದ್ದಲಿನ ಮಾತು ಸರಿ" ಎಂದರು. "ಪಡುವಣ ಗೋಡೇಲಿ ಗೆದ್ದಲು ಜಾಸ್ತಿ. ಕದೀಸು, ನೋಡ್ಕೊಳ್ತೀಯಾ?"

ಮೂತಮ್ಮ ತಲೆಯಾಡಿಸಿದಳು.

ದಾಸನ್ ಮೂರು ಗೋಡೆಗೆ ಗಿಳಿಹಸಿರು ಬಳಿದು, ನಾಲ್ಕನೆಯದನ್ನು ಬಿಟ್ಟು, ಊರೆಲ್ಲ ಗೊಣಗುತ್ತ ಹೋದ. ಮದುವೆಯ ದಿನ ಹಾಷಿಂ ಒಳಗೆ ಬಂದು ಮಂಚದ ಮೇಲೆ ಕೂತ. ಗೋಡೆಗೆ ತಾಗದ ಹಾಗೆ ಮುಂದಕ್ಕೆ ಬಾಗಿ, ಕಂಬ ಹತ್ತಿದವನಂತೆ ಬಿಗಿಯಾಗಿ ಕೂತಿದ್ದ. ಬಾಗಿಲಲ್ಲಿ ಹೆಂಗಸರೆಲ್ಲ ಇಣುಕಿ ನಿಂತರು. ಮೂತಮ್ಮ ಚಹಾ ಹಿಡಿದು ಬಂದವಳು, "ಒರಗಿಕೋ ಮೋನೇ. ಗೋಡೆಗೆ ರೂಢಿಯಿದೆ" ಎಂದಳು.

ವಾರ ಕಳೆದು ಎಂಟನೆಯ ದಿನದ ಬೆಳಗ್ಗೆ ಹೊರಡುವ ಹೊತ್ತಾದಾಗಲೇ ಪಾರಪ್ಪುರಕ್ಕೆ ತಿಳಿದದ್ದು, ಹೆಣ್ಣನ್ನು ಕಳಿಸುವುದು ಹೇಗೆಂದು ಆ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ! ಉಮ್ಮ ನಾಷ್ಟಾದ ಹೊತ್ತಿಗೇ ಅತ್ತು ಮುಗಿಸಿ ಖಾಲಿಯಾಗಿ ಕೂತಿದ್ದಳು. ತಂಗಿಯರು ಅಳಲು ಹೋಗಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಡುತ್ತಿದ್ದರು. ಉಮ್ಮಾಮ ಬೇಲಿಯಾಚೆಗೆ ಹೇಳಿಕಳಿಸಿ ನಾರಾಯಣಿಯನ್ನು ಕರೆಸಿದರು.

"ನಾರಾಯಣೀ, ನಿಮ್ಮಲ್ಲಿ ಯಾವಾಗ ಅಳೋದು?"

"ಕೇಳ್ಕೊಂಡು ಅಳ್ತಾರಾ ಉಮ್ಮಾಮ?"

"ನಮಗೆ ರೂಢಿ ಇಲ್ವಲ್ಲ."

ನಾರಾಯಣಿಗೆ ಬಿಗುಮಾನ ಬಂತು. ಸೆರಗು ಬಿಗಿದು ನಿಂತಳು. "ಹುಡುಗಿ ಜಗಲಿ ಇಳಿಯೋವಾಗ ತಾಯಿ ಅಳ್ಬೇಕು. ಉಳಿದೋರು ಗಾಡಿ ಹೊರಟ ಮೇಲೆ. ಮೊದಲೇ ಎಲ್ರೂ ಶುರು ಮಾಡಿದ್ರೆ ಹುಡುಗಿ ಇಳಿಯೋದೇ ಇಲ್ಲ. ಹುಡುಗಿ ಮಾತ್ರ ಹಿಂದೆ ತಿರುಗಿ ನೋಡಬಾರದು."

"ಅದೊಂದು ಬೇಡ" ಎಂದರು ಉಮ್ಮಾಮ. "ನಮ್ಮಲ್ಲಿ ತಿರುಗಿ ನೋಡಲಿ."

ಜೀಪಿನಲ್ಲಿ ಪೆಟ್ಟಿಗೆ ಏರಿತು, ಒಂದು ಹೊಸ ಉಪ್ಪಿನ ಭರಣಿಯೂ ಏರಿತು. ತಾಹಿರ ಜಗಲಿ ಇಳಿದಳು. ಬಲಗಾಲಿನ ಚಪ್ಪಲಿ ಇನ್ನೂ ಬಿಗಿಯೇ. ಅಳಬೇಕಾದ ಉಮ್ಮನಿಗೆ ಕಣ್ಣೀರು ಬರಲಿಲ್ಲ, ಹೇಳಿಕೊಟ್ಟ ನಾರಾಯಣಿಯೇ ಬಿಕ್ಕಿದಳು. ಅಂಗಳ ದಾಟಿ ಗೇಟಿಗೆ ಕೈ ಹಾಕಿದಾಗ ಹಿಂದೆ ಎಲ್ಲರೂ ಜಗಲಿಯ ಅಂಚಿಗೆ ಬಂದು ನಿಂತರು. ಈಗ ಏನಾದರೂ ಹೇಳಬೇಕಲ್ಲ, ಏನು ಹೇಳುವುದು? ಗೇಟು ದಾಟುವವರಿಗೆ ಹೇಳಲು ಆ ಮನೆಯ ಹೆಂಗಸರಿಗೆ ಬರುತ್ತಿದ್ದದ್ದು ಒಂದೇ ಮಾತು. ಆರು ವರ್ಷದಿಂದ ಅದನ್ನು ಆಡದಿದ್ದ ಮೂತಮ್ಮನ ಬಾಯಿಂದಲೇ ಅದು ಬಂತು.

"ಸಂಜೆ ಬೇಗ ಬಾ ಮೋಳೇ."

ತಾಹಿರ ಪೂರ್ತಿ ತಿರುಗಿ ನಿಂತು ನೋಡಿದಳು. ಜಗಲಿ, ಏಳು ಕೋಣೆಯ ಹೆಂಗಸರು, ಅವರ ನಡುವೆ ಸೆರಗಿನ ತುದಿ ಕಚ್ಚಿಕೊಂಡು ನಿಂತ ಮೂತಮ್ಮ.

"ನೋಡೋಣ" ಎಂದು ಹೇಳಿ, ಗೇಟು ದಾಟಿ ಹೋದಳು.