ಒಂದೇ ಮಾತಿಗೆ ಬಾಯಿ ಬಿಡುವ ಸುಬೇದಾರ

ಅಮ್ಮತ್ತಿ ಬಳಿಯ ಕಾಫಿ ತೋಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಫಿ ಒಣಹಾಕಿದ ಕಣದ ಬೇಲಿಬಾಗಿಲಲ್ಲಿ ವಿಶಾಲಾಕ್ಷಮ್ಮ ಸರಪಳಿ ಹಿಡಿದು ನಿಂತಿದ್ದಾರೆ. ಒಂದು ಸಿಳ್ಳೆಗೆ ಓಡಿಬರುವ ಸುಬೇದಾರ ಇವತ್ತು ಎಷ್ಟು ಸಿಳ್ಳೆ ಹಾಕಿದರೂ ಬಂದಿಲ್ಲ. ಬೊಗಳುವ ಸದ್ದೂ ಇಲ್ಲ. ಕಾಫಿ ಕುಯ್ಯುವ ಹೆಂಗಸರ ಜೀಪು ಬರುವುದರೊಳಗೆ ಅವನನ್ನು ಕಟ್ಟಿಹಾಕಬೇಕು.

"ಬೊಗುಳಿದ್ರೆ ನಂಗೆ ಧೈರ್ಯ. ಸುಮ್ಕವ್ನೆ ಅಂದ್ರೆ ಏನನ್ನೋ ಹಿಡ್ಕಂಡವ್ನೆ ಅಂತ," ಎನ್ನುತ್ತಾ ಅವರು ಒಳಗೆ ಹೆಜ್ಜೆ ಹಾಕುತ್ತಾರೆ.

ಸುಬೇದಾರ ಬುಲ್‌ಮಾಸ್ಟಿಫ್ ಜಾತಿಯ ಕಾವಲು ನಾಯಿ. ತೂಕದಲ್ಲಿ ವಿಶಾಲಾಕ್ಷಮ್ಮನಿಗಿಂತ ಒಂದು ಕೈ ಮೇಲೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಗಾದೆ ಕಟ್ಟಿದವರು ಈ ಜಾತಿಯನ್ನು ಕಂಡಿರಲಿಕ್ಕಿಲ್ಲ. ಇದು ಬೊಗಳುವುದೂ ಅಪರೂಪ, ಕಚ್ಚುವುದೂ ಅಪರೂಪ. ಕಳ್ಳನನ್ನು ಮೈಭಾರದಿಂದಲೇ ಕೆಡವಿ, ಯಜಮಾನ ಬರುವ ತನಕ ಹಿಡಿದಿಡುವುದು ಇದರ ಹುಟ್ಟುಗುಣ. ಬಿದ್ದವನು ಕೊಸರಾಡಿದರೆ ಹಲ್ಲು ಇಳಿಯುತ್ತದೆ. ಕಳೆದ ತಿಂಗಳು ಗೊಬ್ಬರದ ಲಾರಿಯವನ ತೋಳಿಗೆ ಹಾಗೇ ಇಳಿದಿತ್ತು. ಇನ್ನೊಬ್ಬರ ಮೈಮೇಲೆ ರಕ್ತ ಕಂಡರೆ ನಾಯಿ ತೋಟದಲ್ಲಿರುವುದಿಲ್ಲ ಎಂದು ಮಾಲೀಕರು ಅವತ್ತೇ ಹೇಳಿಬಿಟ್ಟಿದ್ದಾರೆ.

"ಕಚ್ಚೋ ನಾಯಿ ಅಂತ ಹೆಸ್ರು ಬಿದ್ಮೇಲೆ ಯಾರು ಇಸ್ಕತಾರೆ? ಸಾಯ್ಸೋ ಸೂಜಿನೇ ಗತಿ," ಎನ್ನುತ್ತಾ ಅವರು ಸರಪಳಿಯನ್ನು ಕೈಗೆ ಸುತ್ತಿಕೊಳ್ಳುತ್ತಾರೆ.

ಹಾಸನದಿಂದ ಬಂದು ಕುಶಾಲನಗರದ ಕಡೆ ನೆಲೆಸಿದ ಒಕ್ಕಲು ಮನೆಯ ಹೆಣ್ಣುಮಗಳು ಇವರು. ಕಾಫಿ ಕುಯ್ಯಲು ಬಂದವರು ತೋಟದ ಆಳುಗಳ ಲೈನ್‌ಮನೆಯಲ್ಲೇ ಉಳಿದರು. ಮರಿಯಾಗಿದ್ದ ಸುಬೇದಾರ ಬೆಳೆದು ಕರುವಿನಷ್ಟಾದಾಗ ಅವನನ್ನು ನೋಡಿಕೊಳ್ಳುತ್ತಿದ್ದವನು ಹೆದರಿ ಕೆಲಸ ಬಿಟ್ಟ, ಸರಪಳಿ ಇವರ ಕೈಗೆ ಬಂತು. ಮಳೆಗಾಲದಲ್ಲಿ ಮುಖದ ಮಡಿಕೆಗಳನ್ನು ಒರೆಸಿ ಒಣಗಿಸುವುದು, ಉಣ್ಣಿ ಹೆಕ್ಕುವುದು, ಮೊಣಕೈ ಜಡ್ಡುಗಟ್ಟದಂತೆ ಗೋಣಿ ಹಾಸುವುದು ಎಲ್ಲ ಇವರದೇ. ಗಿಡ್ಡ ಮೂತಿಯವನಿಗೆ ಬಿಸಿಲು ಆಗದು, ಹಗಲೆಲ್ಲ ನೆರಳು ಬೇಕು. ಉಂಡ ಮೇಲೆ ಓಡಾಟ ಬಂದ್. ಈ ಗಾತ್ರದ ನಾಯಿಗೆ ಹೊಟ್ಟೆ ತಿರುಚಿಕೊಂಡರೆ ಜೀವ ಉಳಿಯುವುದು ಕಷ್ಟ.

ಪಾಠವೂ ಬಟ್ಟಲ ಮುಂದೆಯೇ. ಉಣ್ಣುವಾಗ "ಸಾಕು" ಎಂದರೆ ಬಾಯಿ ಎತ್ತಬೇಕು. ಎತ್ತಿಸಿ ಎತ್ತಿಸಿ, ಈಗ ಏನನ್ನು ಹಿಡಿದಿದ್ದರೂ ಆ ಮಾತಿಗೆ ಬಿಡುತ್ತಾನೆ. ಪಜೀತಿಯೆಂದರೆ, ವಿಶಾಲಾಕ್ಷಮ್ಮನ ಮನೆಯಲ್ಲಿ ಬಡಿಸುವಾಗ ಯಾರೂ "ಸಾಕು" ಎನ್ನುವಂತಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿಯಬೇಕು. "ಸುಮ್‌ಸುಮ್ನೆ ಅಂದ್ರೆ ಮಾತು ಸವೆದೋಯ್ತದೆ," ಎನ್ನುವುದು ಅವರ ಲೆಕ್ಕ.

ಕಣದ ಮೂಲೆಯಲ್ಲಿ ಸುಬೇದಾರ ಸಿಕ್ಕಿದ. ಅವನ ಮುಂಗಾಲುಗಳ ಕೆಳಗೆ ಒಬ್ಬ ಮನುಷ್ಯ, ಬಾಯಲ್ಲಿ ಆ ಮನುಷ್ಯನ ಮಣಿಕಟ್ಟು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದು ವಾರವೂ ಆಗದ ಮಿಲನ್, ನಿನ್ನೆ ಇಲ್ಲೇ ಮರೆತ ಜಾಕೆಟಿಗಾಗಿ ಬೇಲಿ ಹಾರಿದ್ದಾನೆ. "ಬಸ್, ಬಸ್!" ಎಂದು ಅಳುತ್ತಾ ಕೈ ಜಗ್ಗುತ್ತಿದ್ದಾನೆ. ಅವನು ಹೇಳುತ್ತಿರುವುದೂ ಸಾಕು ಎಂದೇ; ಪಾಪ, ಸುಬೇದಾರನಿಗೆ ಹಿಂದಿ ಬಾರದು.

"ಸಾಕು!" ಗಾಬರಿಯಲ್ಲಿ ವಿಶಾಲಾಕ್ಷಮ್ಮನ ಮಾತು ಕಿರುಚಾಗುತ್ತದೆ. ನಾಯಿಗೆ ಆ ದನಿ ಪರಿಚಯವಿಲ್ಲ; ಹಿಡಿತ ಬಿಗಿಯಾಗುತ್ತದೆ. ದೂರದಲ್ಲಿ ಜೀಪಿನ ಸದ್ದು. ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂರುತ್ತಾರೆ. ಅಲ್ಲಾಡಬೇಡ ಎಂದು ಮಿಲನ್‌ಗೆ ಅಂಗೈ ತೋರಿಸಿ, ಬಟ್ಟಲ ಮುಂದೆ ಹೇಳುವಂತೆಯೇ ಮೆಲ್ಲಗೆ ಹೇಳುತ್ತಾರೆ.

"ಸಾಕು ಮಗ."

ಬಾಯಿ ಬಿಟ್ಟಿತು. ಸೆರಗಿನಿಂದ ಜೊಲ್ಲು ಒರೆಸಿ ನೋಡಿದರೆ ಕೆಂಪು ಗೀರುಗಳಿವೆ, ತೊಗಲು ಹರಿದಿಲ್ಲ.

ಜೀಪಿನಿಂದಿಳಿದ, ತೋಟದ ಲೆಕ್ಕ ಬರೆಯುವ ರೈಟರ್ ಚಂದ್ರು ಎಲ್ಲವನ್ನೂ ಒಂದೇ ನೋಟದಲ್ಲಿ ನೋಡುತ್ತಾರೆ. ಮಾಲೀಕರಿಗೆ ಫೋನ್ ಮಾಡಬೇಕಾದವರು ಅವರೇ. "ಏನೋ, ಕಚ್ತಾ?"

ಮಿಲನ್ ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಾನೆ. ಆಮೇಲೆ ನಾಯಿಯ ಕಡೆ ನೋಡಿ, ಈಗಷ್ಟೇ ಕಲಿತ ಒಂದೇ ಕನ್ನಡ ಮಾತನ್ನು ಹುಷಾರಾಗಿ ಆಡುತ್ತಾನೆ. "ಸಾಕು?" ಸುಬೇದಾರ ಒಂದು ಹೆಜ್ಜೆ ಹಿಂದೆ ಸರಿದು ಕೂರುತ್ತಾನೆ. ಹೆಂಗಸರು ಗೊಳ್ಳೆಂದು ನಗುತ್ತಾರೆ. ಚಂದ್ರು ಫೋನನ್ನು ಜೇಬಿಗೆ ಹಾಕುತ್ತಾರೆ.

ಏದುಸಿರು ಪೂರ್ತಿ ಇಳಿದ ಮೇಲಷ್ಟೇ ಸುಬೇದಾರನ ಮುಂದೆ ರಾಗಿ ಗಂಜಿಯ ಬಟ್ಟಲು ಬರುತ್ತದೆ. ನಿಮಗೇನು ಆಸೆ ಎಂದು ಕೇಳಿದರೆ ವಿಶಾಲಾಕ್ಷಮ್ಮ ಅವನ ಬೆನ್ನು ಸವರುತ್ತಾರೆ.

"ಇವ್ನು ಇಲ್ಲೇ ನೆಮ್ದಿಯಾಗಿ ಮುದುಕ ಆಗ್ಲಿ. ಅಷ್ಟಾದ್ರೆ ನಂಗೆ..."

ಬಟ್ಟಲಿನತ್ತ ನೋಡಿ ಮಾತು ನುಂಗುತ್ತಾರೆ. ಸುಬೇದಾರ ಉಣ್ಣುತ್ತಿದ್ದಾನೆ.