ಸೀಸೆಗಳ ಕೊರಳಿನ ದಾರ

ಧಾರವಾಡದಲ್ಲಿ ಕಾಲೇಜು ಓದುವಾಗ ನಾನು ಸೋದರತ್ತೆಯ ಮನೆಯಲ್ಲಿದ್ದೆ. ನಮ್ಮ ಗುರುಗಳು ಕಾರವಾರದ ಬಂಡೆಗಳ ಮೇಲಿನ ಕಡಲಪಾಚಿ ಮತ್ತು ಬಸವನಹುಳುಗಳ ಪಟ್ಟಿ ಮಾಡುತ್ತಿದ್ದರು. ನೀರು ಇಳಿದಾಗ ಬಂಡೆಯ ಯಾವ ಎತ್ತರದಲ್ಲಿ ಯಾವ ಪಾಚಿ, ಅದರ ನಡುವೆ ಯಾವ ಹುಳು ಎಂಬುದೇ ಅವರಿಗೆ ಮುಖ್ಯವಾಗಿತ್ತು. ಆ ವರ್ಷ ಅವರ ಕಾಲು ಮುರಿದಿದ್ದರಿಂದ ನನ್ನನ್ನು ಕಳಿಸಿದರು.

ಅಲ್ಲಿ ಹನ್ನೆರಡು ವರ್ಷಗಳಿಂದ ಅವರಿಗೆ ಇವನ್ನೆಲ್ಲ ಆರಿಸಿಕೊಡುತ್ತಿದ್ದ ಮೀನುಗಾರರ ಮುದುಕಿಯೊಬ್ಬಳಿದ್ದಳು. ನಾನು ಹುಳು ಮುಟ್ಟಲಿಲ್ಲ. ಸ್ಪಿರಿಟ್ ತುಂಬಿದ ಸೀಸೆ ಹಿಡಿದು ದೂರ ನಿಂತೆ.

“ನೋಡೂಕೆ ಆಗ್ತದೆ, ಮುಟ್ಟೂಕೆ ಆಗುದಿಲ್ಲ. ಇದೆಂಥಾ ಓದು ತಮ್ಮಾ?” ಎಂದು ಅವಳು ನಕ್ಕಳು.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಪ್ರತಿ ಸೀಸೆಯ ಕೊರಳಿಗೂ ಹಳೆಯ ಬಲೆಯ ದಾರ ಕಟ್ಟಿದಳು. ಮೇಲಿನ ಒಣಬಂಡೆಯದಕ್ಕೆ ಒಂದು ಗಂಟು, ನಡುವಿನದಕ್ಕೆ ಎರಡು, ನೀರಂಚಿನದಕ್ಕೆ ಮೂರು. ಚೀಟಿ ಬರೆದು ಅಂಟಿಸುವುದು ನನ್ನ ಕೆಲಸ. ಮನೆಗೆ ಹೋಗಿ ಬರೆದರಾಯಿತೆಂದುಕೊಂಡೆ.

ಧಾರವಾಡಕ್ಕೆ ಮರಳಿದಾಗ ಅತ್ತೆ ಬಾಗಿಲಲ್ಲೇ ತಡೆದಳು.

“ಏನ್ ತಂದೀಯೋ, ಮೀನಿನ ವಾಸನಿ! ದೇವರ ಮನಿ ಐತಿ ಒಳಗ. ಮೊದಲ ಬಚ್ಚಲಕ್ಕ ನಡಿ.”

ವಾಸನೆ ದಾರದ್ದು. ಹದಿನೆಂಟು ದಾರಗಳನ್ನೂ ಕತ್ತರಿಸಿ ಬಚ್ಚಲೊಲೆಗೆ ಹಾಕಿದೆ, ಸೀಸೆಗಳನ್ನು ತೊಳೆದೆ. ಪಾಚಿಯ ಬಣ್ಣ ನೋಡಿ ಗುರುತಿಸಬಹುದೆಂದು ನಂಬಿದ್ದೆ. ಮರುದಿನ ನೋಡಿದರೆ ಸ್ಪಿರಿಟ್ಟು ಹಸಿರು, ಕೆಂಪು, ಕಂದು ಎಲ್ಲವನ್ನೂ ಬಿಳಿಚಿಸಿತ್ತು. ಊಹಿಸಿಕೊಂಡು ಚೀಟಿ ಬರೆದೆ.

ಕೂತಲ್ಲೇ ಒಂದೊಂದೇ ಚೀಟಿ ಓದುತ್ತಿದ್ದ ಗುರುಗಳು ನಾಲ್ಕನೆಯ ಸೀಸೆಗೇ ತಡೆದರು.

“ಈ ಪಾಚಿ ಒಣಬಂಡಿ ಮ್ಯಾಲೆ ಹ್ಯಾಂಗ ಬದುಕತದೋ? ಆಕಿ ಕಟ್ಟಿದ ದಾರ ಎಲ್ಲ್ಯವ?”

“ಈ ಸಲ ಕಟ್ಟಲಿಲ್ಲರಿ,” ಎಂದೆ.

ಅವರು ಸೀಸೆಯನ್ನು ಕೆಳಗಿಟ್ಟರು.

“ಹನ್ನೆರಡು ವರ್ಷದಾಗ ಒಮ್ಮೆನೂ ತಪ್ಪಿರಲಿಲ್ಲ. ಪಾಪ, ವಯಸ್ಸಾತು ಆಕಿಗೆ.”

ಆಗಲೂ ಹೇಳಬಹುದಿತ್ತು. ಮೇಜಿನ ಮೇಲಿದ್ದ ಸ್ಪಿರಿಟ್ಟಿನ ದೀಪದ ಬತ್ತಿ ಸರಿಮಾಡುತ್ತ ನಿಂತೆ. ಅದು ಸರಿಯಾಗಿಯೇ ಇತ್ತು. ಹದಿನೆಂಟೂ ಸೀಸೆಗಳನ್ನು ಅವರು ಪಟ್ಟಿಯಿಂದ ಹೊಡೆದುಹಾಕಿದರು. ಆಮೇಲೆ ಮುದುಕಿಯ ಊರಿನ ಸಾಲಿ ಮಾಸ್ತರರಿಗೆ ಒಂದು ಪತ್ರ ಬರೆಯಬೇಕೆಂದರು. ಗುರುಗಳು ಹೇಳಿದರು, ನಾನು ಬರೆದೆ: ಮುಂದಿನ ವರ್ಷ ಬೇರೆ ಯಾರನ್ನಾದರೂ ಗೊತ್ತುಮಾಡಿರಿ, ಮುದುಕಿಗೆ ಈಗ ನೆನಪು ಸಾಲದು. “ನೆನಪು ಸಾಲದು” ಎಂಬಲ್ಲಿ ನನ್ನ ಕೈ ನಿಲ್ಲಲಿಲ್ಲ. ಟಪಾಲಿಗೆ ಹಾಕಿದವನೂ ನಾನೇ.